ಬಿಲ್ಲಿಗೆ ಮುಂಚಿನ ಮಾತು

ಇಬ್ಬರದೂ ತಿಪಟೂರು ಕಡೆಯ ಒಂದೇ ಊರು. ಆಕೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದು ನಿವೃತ್ತರಾದವರು. ರೋಗಿಯ ಕಡೆಯವರು ದುಡ್ಡಿಲ್ಲ ಎಂದಾಗ ಡಾಕ್ಟರು ಯಾರ ಕೊಠಡಿಯತ್ತ ಬೆರಳು ತೋರಿಸುತ್ತಾರೋ ಆ ಕೊಠಡಿಯಲ್ಲಿ ಕೂರುತ್ತಿದ್ದವರು. ಆತನಿಗೆ ಊರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ, ಒಂದಿಷ್ಟು ತೆಂಗಿನ ತೋಟ, ಎಪಿಎಲ್ ಕಾರ್ಡು. ಹೆಂಡತಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ. ವರದಿಯಲ್ಲಿ ಹರ್-2 ಪಾಸಿಟಿವ್ ಎಂದು ಬಂದಿದೆ. ಅದಕ್ಕೆಂದೇ ಹೊಸ ಚೀಟಿಯಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ನಿನ ಹೆಸರಿದೆ.

— ಅಕ್ಕ, ತೋಟ ಮಾರೋದು ಅಂತ ತೀರ್ಮಾನ ಮಾಡ್ಬಿಟ್ಟೆ. ಗಿರಾಕಿನೂ ಬಂದವ್ನೆ.

— ಮಾರಬೇಡ ಅಂತ ನಾನ್ಯಾಕೆ ಹೇಳಲಿ. ಎಷ್ಟು ಬೇಕು ಅನ್ನೋದು ಗೊತ್ತಾಗಿದೆಯಾ?

— ಮೂರು ವಾರಕ್ಕೊಂದು ಇಂಜೆಕ್ಷನ್, ಒಂದು ವರ್ಷ. ಹದಿನೇಳೋ ಹದಿನೆಂಟೋ ಆಗುತ್ತಂತೆ. ಬಾಟಲಿ ಮೇಲೆ ಐವತ್ತು ಸಾವಿರಕ್ಕೂ ಜಾಸ್ತಿ ರೇಟಿದೆ. ಒಂಬತ್ತು ಲಕ್ಷ ದಾಟ್ತು.

— ಗುಣಾಕಾರ ಸರಿಯಾಗೇ ಮಾಡಿದೀಯ. ಆದರೆ ಡಬ್ಬಿ ಮೇಲೆ ಅಚ್ಚಾಗಿರೋದು ಎಂಆರ್‌ಪಿ. ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನೋ ಮಿತಿ ಅದು. ಆ ಔಷಧಿ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿಸುತ್ತೆ ಅನ್ನೋದನ್ನ ಅದು ಹೇಳಲ್ಲ. ನಿನ್ನ ಅಂಗಡಿ ಪೇಂಟ್ ಡಬ್ಬಿ ಮೇಲಿನ ರೇಟಿಗೇ ನೀನು ಮಾರ್ತೀಯಾ?

— ಯಾರು ತಗೋತಾರೆ ಅಕ್ಕ ಆ ರೇಟಿಗೆ.

— ಇಲ್ಲೂ ಹಾಗೇ. ಈ ಔಷಧಿಯನ್ನ ಮೊದಲು ತಂದದ್ದು ಹರ್ಸೆಪ್ಟಿನ್ ಅನ್ನೋ ಹೆಸರಲ್ಲಿ, ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ತು. ಆಗಿನ ಕಾಲಕ್ಕೆ ನಮ್ಮಂಥವರು ಅದರ ಹೆಸರು ಎತ್ತೋ ಹಾಗೇ ಇರಲಿಲ್ಲ. ಅದನ್ನ ಮಾರ್ತಿದ್ದ ರೋಶ್ ಕಂಪನಿ 2013ರಲ್ಲಿ ಇಲ್ಲಿಯ ಪೇಟೆಂಟ್ ಕೈಬಿಟ್ಟಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್ ಬಿಡುಗಡೆ ಮಾಡ್ತು. ಅಂದರೆ ಹೋಲಿಸಿ ಪರೀಕ್ಷೆ ಮಾಡಿ, ಅದೇ ಕೆಲಸ ಮಾಡುತ್ತೆ ಅಂತ ಸಾಬೀತು ಮಾಡಿದ ಔಷಧಿ. ಆಮೇಲೆ ಬೇರೆ ಬೇರೆ ಕಂಪನಿಗಳು ಬಂದವು. 2015ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ಹಾಗೆ ಸೇರಿದ ಔಷಧಿಗೆ ಎನ್‌ಪಿಪಿಎ, ಅಂದರೆ ಔಷಧಿ ಬೆಲೆ ನೋಡಿಕೊಳ್ಳೋ ಸರ್ಕಾರಿ ಪ್ರಾಧಿಕಾರ, ಮಿತಿ ಬೆಲೆ ಕಟ್ಟುತ್ತೆ.

— ಮಿತಿ ಕಟ್ಟಿದ ಮೇಲೂ ಐವತ್ತು ಸಾವಿರವಾ?

— ಅಲ್ಲೇ ಇರೋದು ಕತೆ. 2013ರ ಔಷಧಿ ಬೆಲೆ ಆದೇಶದ ಲೆಕ್ಕ ಏನು ಗೊತ್ತಾ? ಮಾರುಕಟ್ಟೆಯಲ್ಲಿ ಶೇಕಡಾ ಒಂದಾದರೂ ಪಾಲಿರೋ ಬ್ರಾಂಡುಗಳೆಲ್ಲ ಅಂಗಡಿಯವನಿಗೆ ಯಾವ ಬೆಲೆ ತೋರಿಸ್ತವೋ ಅದರ ಸರಾಸರಿ ತೆಗಿ, ಅದಕ್ಕೆ ಶೇ 16 ಲಾಭ ಸೇರಿಸು, ಅದೇ ಮಿತಿ. ತಯಾರಿಸೋಕೆ ಎಷ್ಟು ಬಿತ್ತು ಅಂತ ಯಾರೂ ಕೇಳಲ್ಲ. ಕಂಪನಿಗಳು ಪೈಪೋಟಿಗೆ ಬಿದ್ದು ಆಸ್ಪತ್ರೆಗೆ ಎಷ್ಟೋ ಕಮ್ಮಿಗೆ ಕೊಡ್ತವೆ. ಡಬ್ಬಿ ಮೇಲಿನ ಅಂಕಿ ಮಾತ್ರ ಇಳಿಯಲ್ಲ. ನಡುವಿನ ದುಡ್ಡು ರೋಗಿ ಕೈಗೆ ಬರೋದು, ಕೇಳಿದ್ರೆ ಮಾತ್ರ.

— ಯಾರನ್ನ ಕೇಳೋದು? ಡಾಕ್ಟರ್ ಹತ್ರ ಚೌಕಾಸಿ ಮಾಡೋಕಾಗುತ್ತಾ?

— ಡಾಕ್ಟರನ್ನ ಒಂದೇ ಮಾತು ಕೇಳು. ‘ಸಾರ್, ಬ್ರಾಂಡ್ ಹೆಸರಿಲ್ಲದೆ ಔಷಧಿ ಹೆಸರಲ್ಲಿ ಚೀಟಿ ಬರೆದು ಕೊಡ್ತೀರಾ, ಯಾವ ಯಾವ ಕಂಪನಿಯದು ಆದರೆ ನಿಮಗೆ ಒಪ್ಪಿಗೆ?’ ಬಹಳ ಜನ ಒಳ್ಳೆ ಡಾಕ್ಟರುಗಳು ಮೂರ್ನಾಲ್ಕು ಹೆಸರು ಬರೆದುಕೊಡ್ತಾರೆ. ಆ ಚೀಟಿ ಹಿಡಿದು ಆಸ್ಪತ್ರೆ ಫಾರ್ಮಸಿಯಲ್ಲಿ ಕೇಳು, ಹೊರಗಿನ ಒಳ್ಳೆ ಡಿಸ್ಟ್ರಿಬ್ಯೂಟರ್ ಹತ್ರ ಕೇಳು, ಅಮೃತ್ ಫಾರ್ಮಸಿ ಇರೋ ಕಡೆ ಅಲ್ಲೂ ಕೇಳು. ಅದು ಸರ್ಕಾರದ ಎಚ್‌ಎಲ್‌ಎಲ್ ಕಂಪನಿಯದು, ದೊಡ್ಡ ಕಾಯಿಲೆ ಔಷಧಿಗೇ ಅಂತ 2015ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಶುರುವಾದದ್ದು. ವಾಂತಿ ಮಾತ್ರೆ, ಬಿಪಿ ಮಾತ್ರೆ ಇಂಥವೆಲ್ಲ ತಿಪಟೂರಿನ ಜನೌಷಧಿಯಲ್ಲೇ ತಗೋ, ಅದಕ್ಕೆ ಬೆಂಗಳೂರು ಬೇಡ.

— ಒಬ್ಬ ಏಜೆಂಟ್ ಸಿಕ್ಕಿದ್ದ. ಕಾಲು ಬೆಲೆಗೆ ತಂದುಕೊಡ್ತೀನಿ, ಬಿಲ್ ಕೇಳಬಾರದು ಅಂದ.

— ಅವನ ನಂಬರ್ ಅಳಿಸಿಹಾಕು, ಈಗಲೇ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಒಂದು ಜಾಲ ಹಿಡಿದರು. ಆಸ್ಪತ್ರೆ ಸಿಬ್ಬಂದಿಯಿಂದಲೇ ದುಬಾರಿ ಕ್ಯಾನ್ಸರ್ ಔಷಧಿಯ ಖಾಲಿ ಬಾಟಲಿ ಕೊಳ್ಳೋದು, ಅದಕ್ಕೆ ಶಿಲೀಂಧ್ರ ಸೋಂಕಿಗೆ ಕೊಡೋ ಅಗ್ಗದ ಔಷಧಿ ತುಂಬಿ ಮಾರೋದು. ನಿನ್ನ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಲ್ಲಿ ಬರಬೇಕಾದ ಔಷಧಿ. ಬ್ಯಾಚ್ ನಂಬರ್ ಇರೋ ಬಿಲ್ಲಿಲ್ಲದೆ ಒಂದು ಹನಿಯೂ ಬೇಡ. ಕೊಟ್ಟಾದ ಮೇಲೆ ಖಾಲಿ ಬಾಟಲಿ ಏನಾಯ್ತು ಅಂತಲೂ ನರ್ಸನ್ನ ಕೇಳು, ಬೇಜಾರು ಮಾಡ್ಕೊಂಡರೆ ಮಾಡ್ಕೊಳ್ಳಲಿ.

— ಸರಿ.

— ಇನ್ನೊಂದು. ನಿನ್ನ ಹೆಂಡತಿ ತೂಕ ಎಷ್ಟು?

— ಅರವತ್ತು ಕೆಜಿ ಇರಬಹುದು. ಯಾಕೆ?

— ಮೂರು ವಾರದ ಲೆಕ್ಕದಲ್ಲಿ ಮೊದಲ ಸಲ ಕೆಜಿಗೆ 8 ಮಿಲಿಗ್ರಾಂ, ಆಮೇಲೆ ಪ್ರತಿ ಸಲ 6. ಅರವತ್ತು ಕೆಜಿಗೆ 360 ಮಿಲಿಗ್ರಾಂ ಆಯ್ತು. ದೊಡ್ಡ ಬಾಟಲಿಯಲ್ಲಿರೋದು 440. ಮಿಕ್ಕ 80 ಎಲ್ಲಿಗೆ ಹೋಗುತ್ತೆ?

— ಚೆಲ್ತಾರಾ?

— ಎಷ್ಟೋ ಕಡೆ ಚೆಲ್ತಾರೆ. ಆ ದೊಡ್ಡ ಬಾಟಲಿ ಜೊತೆಗೇ ಒಂದು ವಿಶೇಷ ದ್ರಾವಣ ಬರುತ್ತೆ, ಅದರಲ್ಲಿ ಕಲಸಿದರೆ ತಂಪಲ್ಲಿ 28 ದಿನ ಇಡಬಹುದು. ಮುಂದಿನ ಡೋಸ್ 21ನೇ ದಿನಕ್ಕೆ ಇರುತ್ತೆ. ಎಂಬತ್ತು ಎಂಬತ್ತು ಕೂಡ್ತಾ ಹೋದರೆ ವರ್ಷದಲ್ಲಿ ಎಷ್ಟು ಬಾಟಲಿ ಉಳಿಯುತ್ತೆ ನೀನೇ ಲೆಕ್ಕ ಹಾಕು. ಆದರೆ ಇದು ಮನೆ ಫ್ರಿಜ್ಜಿನಲ್ಲಿಟ್ಟು ಮಾಡೋ ಕೆಲಸ ಅಲ್ಲ. ಸ್ವಚ್ಛವಾದ ಕೊಠಡಿ, ಹೆಸರು ಬರೆದ ಲೇಬಲ್ಲು, ಜವಾಬ್ದಾರಿ ಇರೋ ಫಾರ್ಮಸಿಸ್ಟ್ ಬೇಕು. ನಿಮ್ಮ ಆಸ್ಪತ್ರೆಯಲ್ಲಿ ಹಾಗೆ ಮಾಡ್ತಾರಾ ಕೇಳು. 150 ಮಿಲಿಗ್ರಾಂನ ಸಣ್ಣ ಬಾಟಲಿಯೂ ಇದೆ, ಆದರೆ ಅದು ಒಂದೇ ಸಲಕ್ಕೆ, ಉಳಿಸೋ ಹಾಗಿಲ್ಲ.

— ಇದನ್ನ ಯಾರೂ ಹೇಳಲಿಲ್ಲ ಅಕ್ಕ.

— ಹೇಳೋಕೆ ಯಾರಿಗೆ ಪುರುಸೊತ್ತು? ಒಪಿಡಿಯಲ್ಲಿ ಒಬ್ಬ ಡಾಕ್ಟರಿಗೆ ಎಷ್ಟು ಜನ ಅಂತ ನೀನೇ ನೋಡಿದೀಯಲ್ಲ. ಇದರ ಜೊತೆ ಇನ್ನೊಂದು ಪ್ರಶ್ನೆ ಕೇಳಬಹುದು, ಆದರೆ ಕೇಳೋದಷ್ಟೇ ನಿನ್ನ ಕೆಲಸ, ನಿರ್ಧಾರ ಅವರದು. ವರ್ಷದ ಬದಲು ಆರು ತಿಂಗಳು ಕೊಟ್ಟರೆ ಸಾಕಾ ಅಂತ ಬ್ರಿಟನ್ನಿನಲ್ಲಿ ನಾಲ್ಕು ಸಾವಿರ ಹೆಂಗಸರ ಮೇಲೆ ಪರ್ಸೆಫೋನಿ ಅನ್ನೋ ಅಧ್ಯಯನ ಆಯ್ತು, 2019ರಲ್ಲಿ ಪ್ರಕಟವಾಯ್ತು. ಅದರಲ್ಲಿ ಆರು ತಿಂಗಳಿನ ಫಲ ಹನ್ನೆರಡಕ್ಕೆ ಹತ್ತಿರವೇ ಬಂತು. ಫ್ರಾನ್ಸಿನ ಇನ್ನೊಂದು ಅಧ್ಯಯನದಲ್ಲಿ ಹಾಗೆ ಹೇಳೋಕೆ ಆಗಲಿಲ್ಲ. ಹಾಗಾಗಿ ಈಗಲೂ ವರ್ಷವೇ ರೂಢಿ. ದುಡ್ಡು ನಿಜವಾಗಲೂ ಸಾಲದೆ ಹೋದರೆ ಮಧ್ಯದಲ್ಲಿ ಹೇಳದೆ ಕೇಳದೆ ನಿಲ್ಲಿಸಬೇಡ. ಮೊದಲೇ ಡಾಕ್ಟರ್ ಹತ್ರ ಮಾತಾಡು. ಗುಟ್ಟಾಗಿ ಡೋಸ್ ತಪ್ಪಿಸೋರನ್ನ ನಾನು ಬಹಳ ನೋಡಿದೀನಿ. ಡಾಕ್ಟರಿಗೆ ಮುಖ ತೋರಿಸೋಕೆ ನಾಚಿಕೆ ಅಂತ ಬರೋದೇ ಬಿಡ್ತಾರೆ.

— ಬೆಲೆ ಮಾತಾಯ್ತು. ಉಳಿದದ್ದನ್ನ ಯಾರು ಕೊಡ್ತಾರೆ? ನಂದು ಎಪಿಎಲ್ ಕಾರ್ಡು. ಆಯುಷ್ಮಾನ್ ಅಂದರೆ ಬಡವರಿಗೆ ಮಾತ್ರ ತಾನೆ?

— ಪೂರ್ತಿ ಹಾಗಲ್ಲ. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ 2018ರಲ್ಲೇ ಕೂಡಿಕೊಂಡವು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಸರ್ಕಾರ ತಾನೇ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಕಟ್ಟುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದ ಶೇ 70 ನಿಂದೇ. ಮೂವತ್ತು ಅಂದರೆ ಸಣ್ಣದು ಅನ್ಸುತ್ತೆ. ಆದರೆ ಉಳಿದ ಎಪ್ಪತ್ತನ್ನೂ ಪ್ಯಾಕೇಜ್ ದರದಲ್ಲೇ ಕೊಡ್ತೀಯ, ಎಂಆರ್‌ಪಿಯಲ್ಲಿ ಅಲ್ಲ. ಅದನ್ನ ಮರೀಬೇಡ.

— ನಾವಿರೋ ಪ್ರೈವೇಟ್ ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ, ಶುರುವಾದ ಮೇಲೆ ಆಗಲ್ಲ ಅಂದರು.

— ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆಮೇಲೆ ಯೋಜನೆ ನಡೆಸೋ ಟ್ರಸ್ಟಿನ ಪೂರ್ವಾನುಮತಿ ಬೇಕು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರ್ತಾರೆ, ಅವರ ಹತ್ರ ಈ ಇಂಜೆಕ್ಷನ್ ಯಾವ ಪ್ಯಾಕೇಜ್ ಕೋಡಿನಲ್ಲಿ ಬರುತ್ತೆ ಅಂತ ಬರೆಸ್ಕೋ. ಇಲ್ಲೇ ನೋಡು ನಾನು ನಿನಗೆ ಹೇಳಬೇಕು ಅಂದುಕೊಂಡಿದ್ದು. ನಮ್ಮ ಜನ ಮೊದಲು ಸಾಲ ಮಾಡಿ ಬಿಲ್ ಕಟ್ತಾರೆ, ಆಮೇಲೆ ಬಿಲ್ಲಿನ ಕಟ್ಟು ಹಿಡಿದು ಸಹಾಯ ಕೇಳೋಕೆ ಹೊರಡ್ತಾರೆ. ಹೆಚ್ಚಿನ ಬಾಗಿಲುಗಳು ಅಷ್ಟೊತ್ತಿಗೆ ಮುಚ್ಚಿರ್ತವೆ. ಖರ್ಚಾಗಿಹೋದ ದುಡ್ಡನ್ನ ವಾಪಸ್ ಕೊಡೋ ನಿಧಿಗಳು ಬಹಳ ಕಮ್ಮಿ. ಮುಂದೆ ಆಗೋ ಖರ್ಚಿಗೆ ಆಸ್ಪತ್ರೆ ಹೆಸರಿಗೆ ದುಡ್ಡು ಕಳಿಸೋವು ಜಾಸ್ತಿ.

— ಪ್ರಧಾನಿ ನಿಧಿ ಅಂತಾರಲ್ಲ, ಅದೂ ಹಾಗೇನಾ?

— ಅದೂ ಹಾಗೇ. ದೇಶ ವಿಭಜನೆಯಾದಾಗ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಅಂತ ನೆಹರೂ 1948ರ ಜನವರಿಯಲ್ಲಿ ಶುರುಮಾಡಿದ ನಿಧಿ ಅದು. ಈಗ ಹೃದಯದ ಆಪರೇಷನ್, ಕಿಡ್ನಿ ಕಸಿ, ಕ್ಯಾನ್ಸರ್ ಇಂಥದಕ್ಕೆ ಒಂದು ಪಾಲು ಕೊಡ್ತಾರೆ. ಪೂರ್ತಿ ಅಲ್ಲ, ಆಗಿಹೋದ ಖರ್ಚಿಗೂ ಅಲ್ಲ. ದುಡ್ಡು ನೇರ ಆಸ್ಪತ್ರೆಗೆ ಹೋಗುತ್ತೆ. ಡಾಕ್ಟರ್ ಸಹಿ ಇರೋ ಖರ್ಚಿನ ಅಂದಾಜು, ಆದಾಯ ಪತ್ರ, ವಿಳಾಸದ ದಾಖಲೆ, ಫೋಟೋ. ಸಂಸದರ ಪತ್ರವನ್ನೂ ಜನ ಲಗತ್ತಿಸ್ತಾರೆ.

— ಮುಖ್ಯಮಂತ್ರಿ ನಿಧಿಗೆ ಶಾಸಕರ ಪತ್ರ ಬೇಕೇ ಬೇಕು ಅಂತಾರೆ. ನಾನು ಅವರಿಗೆ ಓಟ್ ಹಾಕಿಲ್ಲ ಅಕ್ಕ.

— ಅವರಿಗೇನು ಗೊತ್ತು? ಹೋಗಿ ಕೇಳು, ಕೊಡ್ತಾರೆ. ಆದರೆ ನನಗೆ ಇದು ಯಾವತ್ತೂ ಸರಿ ಕಾಣಲಿಲ್ಲ. ಕಾಯಿಲೆ ಇದೆ ಅಂತ ಡಾಕ್ಟರ್ ಬರೆದಿದ್ದಾರೆ, ಆದಾಯ ಇಷ್ಟು ಅಂತ ತಹಶೀಲ್ದಾರ್ ಬರೆದಿದ್ದಾರೆ. ಇದರ ಮೇಲೆ ಶಾಸಕರು ಬರೆಯೋದಕ್ಕೆ ಏನು ಉಳೀತು? ಜನ ಅದನ್ನ ಉಪಕಾರ ಅಂದುಕೊಂಡು ಜನ್ಮವಿಡೀ ನೆನೆಸ್ಕೋತಾರೆ. ಕೊಟ್ಟಿದ್ದು ಶಾಸಕರ ಸ್ವಂತ ದುಡ್ಡಲ್ಲ.

— ಕೇಂದ್ರದ್ದು ಕ್ಯಾನ್ಸರ್‌ಗೇ ಅಂತ ಬೇರೆ ಒಂದು ಇದೆಯಂತೆ?

— ಇದೆ. ರಾಷ್ಟ್ರೀಯ ಆರೋಗ್ಯ ನಿಧಿಯ ಒಳಗೆ ಆರೋಗ್ಯ ಮಂತ್ರಿಗಳ ಕ್ಯಾನ್ಸರ್ ರೋಗಿ ನಿಧಿ, 2009ರಿಂದ. ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಹೋಗುತ್ತೆ. ನಮಗೆ ಅಂದರೆ ಕಿದ್ವಾಯಿ. ಅದು ಬಡತನ ರೇಖೆಗಿಂತ ಕೆಳಗಿರೋರಿಗೆ ಮಾತ್ರ. ನಿನಗೆ ಬರಲ್ಲ.

— ಒಬ್ಬರು ಬಿಪಿಎಲ್ ಕಾರ್ಡ್ ಮಾಡಿಸಿಕೊಡ್ತೀನಿ ಅಂದರು.

— ಬೇಡಪ್ಪ. ಅಂಗಡಿಗೆ ಜಿಎಸ್‌ಟಿ ನಂಬರ್ ಇದೆ, ತೋಟಕ್ಕೆ ಪಹಣಿ ಇದೆ. ಚಿಕಿತ್ಸೆ ಅರ್ಧಕ್ಕೆ ಬಂದಾಗ ಕಾರ್ಡು ರದ್ದಾದರೆ ಇಂಜೆಕ್ಷನ್ನೂ ನಿಲ್ಲುತ್ತೆ. ನಿನ್ನಂಥ ಮಧ್ಯದವರ ಪಾಡೇ ಕಷ್ಟದ್ದು, ಒಪ್ಕೋತೀನಿ. ಕೆಳಗಿನವರಿಗೆ ಯೋಜನೆ ಇದೆ, ಮೇಲಿನವರಿಗೆ ದುಡ್ಡಿದೆ. ಸರ್ಕಾರಿ ನೌಕರರಿಗೆ ಅವರ ಯೋಜನೆ, ತಿಂಗಳಿಗೆ 21 ಸಾವಿರದೊಳಗಿನ ಸಂಬಳದವರಿಗೆ ಇಎಸ್‌ಐ. ಅಂಗಡಿ ಇಟ್ಟವನಿಗೆ, ನಾಲ್ಕು ಮರ ಇರೋನಿಗೆ ಆ ಶೇ 30 ಬಿಟ್ಟರೆ ಏನೂ ಇಲ್ಲ. ಅದಕ್ಕೇ ಕೇಳ್ತೀನಿ, ಇನ್ಶೂರೆನ್ಸ್ ಮಾಡಿಸಿದ್ದೆಯಾ?

— ಇದೆ, ಮನೆಯವರೆಲ್ಲರಿಗೂ ಸೇರಿ ಮೂರು ಲಕ್ಷದ್ದು. ಆಪರೇಷನ್‌ಗೆ ಸ್ವಲ್ಪ ಹೋಯ್ತು. ಇಂಜೆಕ್ಷನ್‌ಗೆ ಆಗಲ್ಲ, ಒಂದು ದಿನ ಅಡ್ಮಿಟ್ ಆಗಿರಬೇಕು ಅಂದ ಏಜೆಂಟು.

— ಏಜೆಂಟ್ ಬಾಯಿಮಾತಲ್ಲಿ ಹೇಳಿದ್ನಾ, ಕಂಪನಿ ಬರೆದುಕೊಟ್ಟಿದೆಯಾ?

— ಬಾಯಿಮಾತೇ.

— ಬಾಯಿಮಾತಿನ ‘ಆಗಲ್ಲ’ಕ್ಕೆ ಬೆಲೆ ಇಲ್ಲ. ಡೇ-ಕೇರ್ ಅಂತ ಒಂದು ಪಟ್ಟಿ ಇದೆ, ಕೀಮೋ ಅದರಲ್ಲಿ ಬರುತ್ತೆ. ಇಪ್ಪತ್ನಾಲ್ಕು ಗಂಟೆ ಮಲಗಬೇಕಾಗಿಲ್ಲ. ಅದೂ ಅಲ್ಲದೆ 2019ರ ಸೆಪ್ಟೆಂಬರ್‌ನಲ್ಲಿ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನ ಹೆಸರಿಸಿ, ಇವನ್ನ ಪಾಲಿಸಿಯಿಂದ ಹೊರಗಿಡಬಾರದು ಅಂತು. ಬಾಯಲ್ಲಿ ನುಂಗೋ ಕೀಮೋ ಅದರಲ್ಲಿದೆ, ಮಾನೋಕ್ಲೋನಲ್ ಆಂಟಿಬಾಡಿ ಇಂಜೆಕ್ಷನ್ನೂ ಇದೆ. ನಿನ್ನ ಟ್ರಾಸ್ಟುಜುಮ್ಯಾಬ್ ಅದೇ ಜಾತಿದು. ಇಷ್ಟೇ ಕೊಡ್ತೀವಿ ಅಂತ ಒಳಮಿತಿ ಹಾಕಿರಬಹುದು, ಪಾಲಿಸಿ ಪುಸ್ತಕ ತೆಗೆದು ನೋಡು. ಇಂಜೆಕ್ಷನ್ನಿಗೆ ಮುಂಚೆ ಕ್ಯಾಶ್‌ಲೆಸ್ ಅರ್ಜಿ ಹಾಕಿಸು. ಇಲ್ಲ ಅಂದರೆ ಯಾವ ಕಲಮಿನ ಪ್ರಕಾರ ಇಲ್ಲ ಅಂತ ಬರೆದು ಕೊಡಲಿ. ಆಮೇಲೆ ಕಂಪನಿಯ ದೂರು ವಿಭಾಗ, ಅಲ್ಲೂ ಆಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್. ಅಲ್ಲಿಗೆ ಶುಲ್ಕ ಇಲ್ಲ, ವಕೀಲರೂ ಬೇಡ.

— ಕಂಪನಿಯವರೇ ಫ್ರೀ ಕೊಡ್ತಾರೆ ಅಂತ ವಾರ್ಡಲ್ಲಿ ಮಾತಾಡ್ತಿದ್ರು.

— ಕೆಲವು ಔಷಧಿಗೆ ಇದೆ. ಮೂರು ಕೊಂಡರೆ ಮೂರು ಉಚಿತ, ಇಷ್ಟು ತಿಂಗಳು ಕೊಂಡರೆ ಮುಂದಿನದು ಉಚಿತ, ಹೀಗೆ. ಪೇಷಂಟ್ ಸಪೋರ್ಟ್ ಪ್ರೋಗ್ರಾಂ ಅಂತ ಹೆಸರು. ಡಾಕ್ಟರ್ ಫಾರ್ಮ್ ತುಂಬಿ ಸೇರಿಸಬೇಕು, ಅವರು ಹೇಳಿದ ಡಿಸ್ಟ್ರಿಬ್ಯೂಟರ್ ಹತ್ರವೇ ಕೊಳ್ಳಬೇಕು, ಬಿಲ್ಲು ಇಟ್ಟಿರಬೇಕು, ಕೆಲವರು ಖಾಲಿ ಬಾಟಲಿಯನ್ನೂ ವಾಪಸ್ ಕೇಳ್ತಾರೆ. ಮೊದಲ ಬಾಟಲಿ ಕೊಳ್ಳೋಕೆ ಮುಂಚೆ ಸೇರದಿದ್ದರೆ ಕೊಂಡದ್ದು ಲೆಕ್ಕಕ್ಕೆ ಬರದೇ ಹೋಗಬಹುದು. ನಿನ್ನ ಔಷಧಿಗೆ ಹಲವು ಕಂಪನಿ ಇರೋದರಿಂದ ಪ್ರತಿಯೊಬ್ಬರದೂ ಒಂದೊಂದು ಲೆಕ್ಕ. ಮೂರು ಕೊಂಡು ಮೂರು ಪಡೆಯೋದಕ್ಕಿಂತ ಬೇರೆ ಬ್ರಾಂಡನ್ನ ನೇರ ಕೊಳ್ಳೋದೇ ಅಗ್ಗ ಆಗೋದೂ ಉಂಟು.

— ಏನಾದ್ರೂ ಕೊಡ್ತಾರಲ್ಲ, ದೊಡ್ಡ ಮನಸ್ಸು.

— ಮನಸ್ಸಿನ ಮಾತು ಬಿಡು. ಗ್ಲೀವೆಕ್ ಅಂತ ರಕ್ತದ ಕ್ಯಾನ್ಸರ್ ಮಾತ್ರೆ ಇತ್ತು, ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತಿರ. ನೊವಾರ್ಟಿಸ್ ಕಂಪನಿ ಮ್ಯಾಕ್ಸ್ ಫೌಂಡೇಶನ್ ಮೂಲಕ ಸಾವಿರಾರು ಜನರಿಗೆ ಅದನ್ನ ಉಚಿತವಾಗಿ ಕೊಡ್ತಿತ್ತು, ನಿಜ. ಅದರಿಂದ ಬದುಕಿದವರನ್ನ ನಾನೇ ನೋಡಿದೀನಿ, ಇಲ್ಲ ಅನ್ನಲ್ಲ. ಅದೇ ಕಂಪನಿ ಪೇಟೆಂಟಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. 2013ರ ಏಪ್ರಿಲ್ 1ಕ್ಕೆ ಕೋರ್ಟು ಆಗಲ್ಲ ಅಂತು. ಆ ಹೊತ್ತಿಗೆ ಇಲ್ಲಿಯ ಕಂಪನಿಗಳ ಅದೇ ಮಾತ್ರೆ ತಿಂಗಳಿಗೆ ಎಂಟು ಹತ್ತು ಸಾವಿರಕ್ಕೆ ಸಿಗ್ತಿತ್ತು. ಅದಕ್ಕೂ ಒಂದು ವರ್ಷ ಮುಂಚೆ ನೆಕ್ಸಾವರ್ ಅನ್ನೋ ಇನ್ನೊಂದು ಮಾತ್ರೆ. ಬೇಯರ್ ಕಂಪನಿ ತಿಂಗಳಿಗೆ 2 ಲಕ್ಷ 80 ಸಾವಿರ ಇಟ್ಟಿತ್ತು, ಪೇಟೆಂಟ್ ಕಂಟ್ರೋಲರ್ ಹೈದರಾಬಾದಿನ ನ್ಯಾಟ್ಕೊನೂ ಅದನ್ನ ತಯಾರಿಸಬಹುದು ಅಂತ ಕಡ್ಡಾಯ ಲೈಸೆನ್ಸ್ ಕೊಟ್ಟ ಮೇಲೆ 8,880 ರೂಪಾಯಿ. ನಾನು ಆ ಕೊಠಡಿಯಲ್ಲಿ ಕೂತು ಬರೆಸಿದ ಅರ್ಜಿಗಳನ್ನೆಲ್ಲ ಕೂಡಿದರೂ ಆ ಎರಡು ತೀರ್ಪುಗಳಷ್ಟು ಜನರಿಗೆ ಔಷಧಿ ಮುಟ್ಟಿಸಿಲ್ಲ. ಉಚಿತವಾಗಿ ಸಿಕ್ಕರೆ ತಗೋ, ಸಂಕೋಚ ಬೇಡ. ಬೆಲೆ ಯಾಕೆ ಅಷ್ಟಿದೆ ಅನ್ನೋ ಪ್ರಶ್ನೆಯನ್ನ ಮಾತ್ರ ಅದಕ್ಕೆ ಒಪ್ಪಿಸಿಬಿಡಬೇಡ.

— ಫೋನಲ್ಲಿ ಫೋಟೋ ಹಾಕಿ ದುಡ್ಡು ಎತ್ತೋಣ ಅಂತಾನೆ ಮಗ. ಮಿಲಾಪ್, ಕೆಟ್ಟೋ ಅಂತ ಏನೇನೋ ತೋರಿಸಿದ.

— ಅದೂ ಒಂದು ದಾರಿ. ಶುಲ್ಕ ಎಷ್ಟು ಅಂತ ಓದಿ, ದುಡ್ಡು ಆಸ್ಪತ್ರೆ ಖಾತೆಗೇ ಹೋಗೋ ಹಾಗೆ ಮಾಡಿ. ಆದರೆ ಹೆಂಡತಿಯನ್ನ ಕೇಳಿದೆಯಾ?

— ಏನನ್ನ?

— ಅವಳ ಫೋಟೋ, ಅವಳ ಕಾಯಿಲೆ ಹೆಸರು, ಊರವರ ಫೋನಿಗೆಲ್ಲ ಹೋಗುತ್ತೆ. ನಾಳೆ ಮಗಳಿಗೆ ಗಂಡು ನೋಡೋರೂ ನೋಡ್ತಾರೆ ಅಂತ ಅವಳು ಹೆದರಬಹುದು. ಆ ಹೆದರಿಕೆ ಸರಿಯೋ ತಪ್ಪೋ, ಹೇಳಬೇಕಾದವಳು ಅವಳು.

— ...ಕೇಳಿಲ್ಲ.

— ಕೇಳು. ಅದು ಬೇಡ ಅಂದರೆ ಟಾಟಾ ಟ್ರಸ್ಟ್ಸ್‌ಗೆ ಅರ್ಜಿ ಹಾಕಬಹುದು, ವ್ಯಕ್ತಿಗಳಿಗೆ ವೈದ್ಯಕೀಯ ನೆರವು ಕೊಡ್ತಾರೆ. 1951ರಿಂದ ಇರೋ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕ್ಯಾನ್ಸರ್ ಕ್ಯೂರ್ ಫಂಡ್ ಇದೆ. ಅವರ ಪಟ್ಟಿಯಲ್ಲಿರೋ ಆಸ್ಪತ್ರೆಯ ಮೂಲಕವೇ ಅರ್ಜಿ ಹೋಗಬೇಕು. ಎಲ್ಲಿಗೆ ಹಾಕಿದರೂ ಬೇರೆ ಕಡೆ ಎಷ್ಟು ಬಂದಿದೆ ಅಂತ ಮುಚ್ಚಿಡದೆ ಬರಿ. ಮುಚ್ಚಿಟ್ಟದ್ದು ಗೊತ್ತಾದರೆ ಎರಡೂ ಹೋಗುತ್ತೆ. ಓಡಾಟದ ಖರ್ಚಿಗೂ ಒಂದು ಉಪಾಯ ಇದೆ. ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿ ಪೂರ್ತಿ ರಿಯಾಯಿತಿ, ಜೊತೆಗೆ ಬರೋರಿಗೆ ಮುಕ್ಕಾಲು. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ತಿಪಟೂರಿಂದ ಬೆಂಗಳೂರಿಗೆ ಕಾರು ಬಾಡಿಗೆ ಕೊಟ್ಕೊಂಡು ಯಾಕೆ ಬರ್ತೀಯ?

— ಅಕ್ಕ, ಇಷ್ಟೆಲ್ಲ ಅಲೆಯೋ ಹೊತ್ತಿಗೆ ಇಂಜೆಕ್ಷನ್ ದಿನ ಬಂದುಬಿಡುತ್ತೆ.

— ಬರುತ್ತೆ. ಮೊದಲನೆಯದು ತಡ ಮಾಡಬೇಡ. ಆ ಒಂದಕ್ಕೆ ಕೈಯಲ್ಲಿರೋ ದುಡ್ಡು ಹಾಕು, ಬೇಕಾದರೆ ಒಡವೆ ಅಡ ಇಡು, ಬಿಡಿಸ್ಕೋಬಹುದು. ಆದರೆ ಕಂಪನಿ ಫಾರ್ಮ್, ಇನ್ಶೂರೆನ್ಸ್ ಅರ್ಜಿ, ಆರೋಗ್ಯಮಿತ್ರರ ಭೇಟಿ, ಈ ಮೂರನ್ನ ಅದಕ್ಕೂ ಮುಂಚೆ ಮುಗಿಸು. ಉಳಿದ ಅರ್ಜಿಗಳು ಉಳಿದ ಡೋಸುಗಳಿಗೆ.

— ಎಲ್ಲಾದಕ್ಕೂ ಮೊದಲು ಬೇಕಾಗೋ ಕಾಗದ ಯಾವುದು?

— ಎಸ್ಟಿಮೇಟು. ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ, ಕಾಯಿಲೆ ಹೆಸರು, ಔಷಧಿ ಹೆಸರು, ಎಷ್ಟು ಡೋಸು, ಒಂದಕ್ಕೆ ಎಷ್ಟು, ಒಟ್ಟು ಎಷ್ಟು, ಡಾಕ್ಟರ ಸಹಿ, ಸೀಲು. ಒಂದಲ್ಲ, ಐದಾರು ಮೂಲ ಪ್ರತಿ ಮಾಡಿಸ್ಕೋ. ಜೆರಾಕ್ಸ್ ಎಷ್ಟೋ ಕಡೆ ತಗೊಳ್ಳಲ್ಲ. ಅದರಲ್ಲಿ ಎಂಆರ್‌ಪಿ ಹಾಕಿದ್ದರೆ, ನಿಮ್ಮ ಫಾರ್ಮಸಿ ನಿಜವಾಗಿ ತಗೊಳ್ಳೋ ದರ ಬರೀರಿ ಅಂತ ಅಲ್ಲೇ ನಿಂತು ಕೇಳು. ಸಹಿ ಇರೋ ಎಸ್ಟಿಮೇಟ್ ಇಲ್ಲದೆ ನಾನು ಹೇಳಿದ ನಿಧಿಗಳಲ್ಲಿ ಒಂದೂ ನಿನ್ನ ಅರ್ಜಿ ಮುಟ್ಟಲ್ಲ. ನಾಳೆ ಅಂಗಡಿ ತೆಗೀಬೇಡ, ಬೆಳಗಿನ ರೈಲಿಗೆ ಬಂದು ಅದನ್ನ ಮಾಡಿಸ್ಕೊಂಡು ಹೋಗು.